ಲೈಡನ್‌ನ ಲಾಕನ್‌ಹಾಲ್: ಮಗ್ಗದ ಮನೆಯವರು ನೋಡಬೇಕಾದ ಮ್ಯೂಸಿಯಂ

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ, ಊರು ಬನಹಟ್ಟಿ. ಮಗ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಹೋದ ಸಲ ಅಲ್ಲಿಗೆ ಹೋದಾಗ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ತೋರಿಸಿದ. ಕಾಲುನೋವು ಬಿಟ್ಟರೆ ನಮಗೆ ಏನೂ ನೆನಪಿಲ್ಲ. ನಮ್ಮ ಯಜಮಾನರು ಮೂವತ್ತು ವರ್ಷ ಮಗ್ಗ ನಡೆಸಿದವರು, "ಇನ್ನೊಂದು ಮ್ಯೂಸಿಯಂ ಅಂದ್ರೆ ನಾ ಒಲ್ಲೆ" ಅಂತ ಈಗಲೇ ಹೇಳಿಬಿಟ್ಟಿದ್ದಾರೆ. ಈ ಸಲ ಮಗ ಲೈಡನ್ ಊರಿನದೇ ಲಾಕನ್‌ಹಾಲ್ ಮ್ಯೂಸಿಯಂ ತೋರಿಸುತ್ತೇನೆ ಅನ್ನುತ್ತಿದ್ದಾನೆ. ಚಿತ್ರಕಲೆಯ ಗಂಧಗಾಳಿ ಇಲ್ಲದ ನಮ್ಮಂಥವರಿಗೆ ಅಲ್ಲಿ ಏನಿದೆ? ಎಷ್ಟು ಹೊತ್ತು ಬೇಕು? ಏನು ನೋಡಬೇಕು, ಏನು ಬಿಡಬೇಕು?

ಉತ್ತರ: ಮೊದಲು ಯಜಮಾನರಿಗೆ ಒಂದು ಮಾತು ಹೇಳಿ. ಆ ಕಟ್ಟಡ ಕಟ್ಟಿದ್ದು ಚಿತ್ರ ತೂಗುಹಾಕೋದಕ್ಕೆ ಅಲ್ಲ, ಬಟ್ಟೆಗೆ. 1640ರ ಹೊತ್ತಿಗೆ ಲೈಡನ್ ನಗರ ತನ್ನ ಉಣ್ಣೆ ಬಟ್ಟೆಯ ಪರೀಕ್ಷೆಗೆ ಅಂತಲೇ ಎಬ್ಬಿಸಿದ ಅರಮನೆಯಂಥ ಕಟ್ಟಡ ಅದು. ಊರಿನ ನೇಕಾರರು ನೇಯ್ದ ಬಟ್ಟೆ ಅಲ್ಲಿಗೆ ಬರಬೇಕು, ಅಲ್ಲಿ ಪಾಸಾಗಬೇಕು, ಆಮೇಲೇ ಮಾರಾಟ. ಮ್ಯೂಸಿಯಂ ಆಗಿದ್ದು ತೀರಾ ತಡವಾಗಿ, 1874ರಲ್ಲಿ. ಅಂದ್ರೆ ಈ ಮ್ಯೂಸಿಯಂ ಅರ್ಥ ಮಾಡಿಕೊಳ್ಳೋಕೆ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಅರ್ಹತೆ ಇರೋದು "ನಾ ಒಲ್ಲೆ" ಅಂದವರಿಗೇ.

ರೈಕ್ಸ್‌ಮ್ಯೂಸಿಯಂನಲ್ಲಿ ಸುಸ್ತಾಗಿದ್ದಕ್ಕೆ ಬೇಜಾರು ಬೇಡ. ಎಂಬತ್ತು ಕೋಣೆ, ಎಂಟು ಸಾವಿರ ವಸ್ತು. ಚಿತ್ರಕಲೆ ಓದಿದವರೂ ಒಂದೇ ದಿನದಲ್ಲಿ ಅದನ್ನು ನೋಡಿ ಮುಗಿಸಲಾರರು, ಮುಗಿಸಿದೆ ಅಂದವರನ್ನು ನಾನು ನಂಬೋದಿಲ್ಲ. ಅದು ಇಡೀ ದೇಶದ ಕಥೆ ಹೇಳಲು ಹೊರಟ ಜಾಗ. ಊರಿನ ಮ್ಯೂಸಿಯಂ ಹಾಗಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಹಾರ್ಲೆಮ್, ಡೆಲ್ಫ್ಟ್, ಖೌಡಾ, ಉಟ್ರೆಕ್ಟ್ ಹೀಗೆ ಹಳೇ ಊರುಗಳಿಗೆಲ್ಲ ತಮ್ಮದೇ ಒಂದೊಂದು ಮ್ಯೂಸಿಯಂ ಇದೆ, ಅಲ್ಲಿ ಇರೋದು ಆ ಊರಿನ ಅಟ್ಟದ ಮೇಲಿಂದ, ಚರ್ಚಿನಿಂದ, ಟೌನ್ ಹಾಲ್‌ನಿಂದ, ಅನಾಥಾಲಯದಿಂದ, ವೃತ್ತಿ ಸಂಘಗಳ ಕಚೇರಿಯಿಂದ ಬಂದ ಸಾಮಾನು. ಅದರಲ್ಲಿ ಜಗತ್ಪ್ರಸಿದ್ಧ ಚಿತ್ರ ನಾಲ್ಕೈದು ಇರಬಹುದು, ಉಳಿದದ್ದು ಊರಿನವರಿಗೆ ಮಾತ್ರ ಮುಖ್ಯ. ಅದಕ್ಕೇ ಅಲ್ಲಿ "ಈ ಚಿತ್ರಕಾರ ಎಷ್ಟು ದೊಡ್ಡವನು" ಅಂತ ಕೇಳುತ್ತಾ ಹೋಗಬೇಡಿ. ಈ ಊರಿನ ಅನ್ನ ಎಲ್ಲಿಂದ ಬರುತ್ತಿತ್ತು, ಊರು ಯಾವುದಕ್ಕೆ ಹೆದರುತ್ತಿತ್ತು, ಯಾವುದನ್ನು ಹೇಳಿಕೊಂಡು ಮೆರೆಯುತ್ತಿತ್ತು ಅಂತ ಕೇಳಿಕೊಂಡು ನೋಡಿ. ಲಾಕನ್‌ಹಾಲ್ ಈ ಮೂರಕ್ಕೂ ಚೆನ್ನಾಗಿ ಉತ್ತರ ಕೊಡುತ್ತದೆ.

ಅನ್ನದ ಕಥೆಯಿಂದಲೇ ಶುರು ಮಾಡೋಣ, ನಿಮ್ಮ ಮನೆಯ ವಿಷಯ ಅದು.

1581ರಲ್ಲಿ ಲೈಡನ್ ಊರಲ್ಲಿ ಇದ್ದದ್ದು ಸುಮಾರು 12,000 ಜನ. 1622ರ ಲೆಕ್ಕದಲ್ಲಿ ಸುಮಾರು 45,000. ನಲವತ್ತು ವರ್ಷದಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು. ಇದಕ್ಕೆ ಕಾರಣ ವಲಸೆ. ದಕ್ಷಿಣದ ಫ್ಲಾಂಡರ್ಸ್ ಕಡೆ ಸ್ಪ್ಯಾನಿಷ್ ಆಳ್ವಿಕೆ, ಯುದ್ಧ, ಧರ್ಮದ ಹೆಸರಲ್ಲಿ ಹಿಂಸೆ. ಹೊಂಡ್‌ಸ್ಖೋಟೆ ಅಂತ ಒಂದು ನೇಕಾರಿಕೆ ಪಟ್ಟಣ ಆ ಗಲಾಟೆಯಲ್ಲಿ ಹಾಳಾಯಿತು. ಅಲ್ಲಿನವರು ಮತ್ತು ಸುತ್ತಲಿನ ನೇಕಾರರು ಮಕ್ಕಳುಮರಿ ಕಟ್ಟಿಕೊಂಡು ಉತ್ತರಕ್ಕೆ ಬಂದರು. ಬರುವಾಗ ಕೈಯಲ್ಲಿ ಒಂದು ವಿದ್ಯೆ ಇತ್ತು: ತೆಳುವಾದ, ಹಗುರವಾದ, ಕಡಿಮೆ ಬೆಲೆಯ ಉಣ್ಣೆ ಬಟ್ಟೆ ನೇಯೋದು. ಲೈಡನ್‌ನ ಹಳೇ ದಪ್ಪ ಬಟ್ಟೆಯ ವ್ಯಾಪಾರ ಆಗಲೇ ನೆಲ ಕಚ್ಚಿತ್ತು. ಊರಿನ ಆಡಳಿತದವರು ಬುದ್ಧಿವಂತರು, ಬಂದವರನ್ನು ಬಾಗಿಲಲ್ಲಿ ನಿಲ್ಲಿಸದೆ ಕರೆದು ಕೂರಿಸಿದರು. ಮುಂದಿನ ನೂರು ವರ್ಷ ಲೈಡನ್ ಯುರೋಪಿನ ಅತಿ ದೊಡ್ಡ ಬಟ್ಟೆ ಊರುಗಳಲ್ಲಿ ಒಂದಾಗಿ ಬೆಳೆಯಿತು.

ಈ ಕಥೆ ಮ್ಯೂಸಿಯಂನಲ್ಲಿ ಗೋಡೆ ಮೇಲೇ ಇದೆ. ಇಸಾಕ್ ವಾನ್ ಸ್ವಾನೆನ್‌ಬರ್ಗ್ ಅನ್ನುವವರು ಆ ಹೊಸ ಬಟ್ಟೆಯ ಪರೀಕ್ಷಾ ಮನೆಗೆ (ಈ ಕಟ್ಟಡ ಅಲ್ಲ, ಇದಕ್ಕೂ ಮೊದಲಿನದು) ಅಂತ 1590ರ ದಶಕದಿಂದ ಒಂದು ಸರಣಿ ದೊಡ್ಡ ಚಿತ್ರಗಳನ್ನು ಬರೆದರು. ಉಣ್ಣೆ ಬಿಡಿಸೋದು, ಬಾಚೋದು, ನೂಲೋದು, ಹಾಸು ಹೂಡೋದು, ನೇಯೋದು, ಬಣ್ಣ ಹಾಕೋದು, ಎಲ್ಲ ಹಂತಗಳೂ ಅದರಲ್ಲಿವೆ. ಒಂದರಲ್ಲಿ ಊರೇ ಒಬ್ಬ ಹೆಂಗಸಿನ ರೂಪದಲ್ಲಿದೆ, ಹಳೇ ಕಸುಬು ಮುದುಕಿ, ಹೊಸ ಕಸುಬು ಹರೆಯದವಳು. ಸ್ವಾನೆನ್‌ಬರ್ಗ್ ಸುಮ್ನೆ ಚಿತ್ರಕಾರರಲ್ಲ, ಊರಿನ ಮೇಯರ್ ಕೂಡ ಆಗಿದ್ದವರು. ಅಂದ್ರೆ ಇದು ಸರ್ಕಾರಿ ಚಿತ್ರ. ಅದನ್ನು ನೆನಪಲ್ಲಿಟ್ಟುಕೊಂಡೇ ನೋಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಯಜಮಾನರನ್ನು ಮಗ್ಗ ಇರುವ ಚಿತ್ರದ ಮುಂದೆ ಬಿಟ್ಟುಬಿಡಿ. ಲೇಬಲ್ ಓದಿ ಹೇಳೋದಕ್ಕೆ ಹೋಗಬೇಡಿ, ಅವರೇ ನಿಮಗೆ ಹೇಳುತ್ತಾರೆ. ಆಗಿನ್ನೂ ಹಗ್ಗ ಎಳೆದರೆ ತಾನೇ ಓಡುವ ಲಾಳಿ ಬಂದಿರಲಿಲ್ಲ, ಅದು ಬಂದಿದ್ದು 1733ರಲ್ಲಿ ಇಂಗ್ಲೆಂಡಿನಲ್ಲಿ. ಅದಕ್ಕೂ ಮೊದಲು ಅಗಲ ಪನ್ನದ ಬಟ್ಟೆ ಬೇಕು ಅಂದ್ರೆ ಇಬ್ಬರು ನೇಕಾರರು ಪಕ್ಕಪಕ್ಕ ಕೂತು ಲಾಳಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬೇಕಿತ್ತು. ಒಬ್ಬನ ಕೈಯಳತೆಗೆ ಸಿಗೋ ಅಗಲ ಅಷ್ಟೇ ಅಲ್ವಾ.

ಬಟ್ಟೆ ತುಳಿಯುವ ಚಿತ್ರದ ಮುಂದೆ ಮಾತ್ರ ನೀವಿಬ್ಬರೂ ಸ್ವಲ್ಪ ಹೊತ್ತು ನಿಲ್ಲಲೇಬೇಕು. ನಮ್ಮ ಹತ್ತಿ, ರೇಷ್ಮೆ ಕೆಲಸದಲ್ಲಿ ಇಲ್ಲದ ಹಂತ ಇದು. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಜಾಳುಜಾಳಾಗಿರುತ್ತದೆ. ಅದನ್ನು ದೊಡ್ಡ ತೊಟ್ಟಿಯಲ್ಲಿ ಬಿಸಿನೀರು, ಜಿಡ್ಡು ಹೀರುವ ಒಂದು ಬಗೆಯ ಮಣ್ಣು, ಮೂತ್ರ (ಹೌದು, ಮೂತ್ರವೇ, ಮನೆಮನೆಯಿಂದ ಸಂಗ್ರಹಿಸಿದ್ದು) ಹಾಕಿ ಗಂಟೆಗಟ್ಟಲೆ ಕಾಲಲ್ಲಿ ತುಳಿಯುತ್ತಿದ್ದರು. ತುಳಿದ ಹಾಗೆಲ್ಲ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ದಟ್ಟವಾಗುತ್ತದೆ, ಕೊನೆಗೆ ಹಾಸು ಯಾವುದು ಹೊಕ್ಕು ಯಾವುದು ಅಂತ ಕಣ್ಣಿಗೆ ಕಾಣೋದೇ ಇಲ್ಲ. ಆಮೇಲೆ ಅದನ್ನು ಬಯಲಲ್ಲಿ ಮರದ ಚೌಕಟ್ಟಿಗೆ ಕೊಕ್ಕೆ ಹಾಕಿ ಎಳೆದು ಕಟ್ಟಿ ಒಣಗಿಸಬೇಕು. ಒಣ ಮುಳ್ಳುಕಾಯಿಯಲ್ಲಿ ಉಜ್ಜಿ ಮೇಲೆ ನವಿರು ಎಬ್ಬಿಸಬೇಕು. ಆ ನವಿರನ್ನು ಆಳುದ್ದದ ಭಾರೀ ಕತ್ತರಿಯಿಂದ ಸಮ ಮಾಡಬೇಕು. ಇಷ್ಟಾದ ಮೇಲೆ ಸಿಗೋದು ಮಳೆ ನೀರು ಬೇಗ ಇಳಿಯದ, ಬೆಣ್ಣೆಯಂಥ ನುಣುಪಿನ ಬಟ್ಟೆ. ರೈಕ್ಸ್‌ಮ್ಯೂಸಿಯಂನಲ್ಲಿ ನೀವು ಸಾಲಾಗಿ ನೋಡಿದ ಕಪ್ಪು ಕೋಟಿನ ಗಂಡಸರು ನೆನಪಿದ್ದಾರಾ? ಅಂಥ ಕೋಟುಗಳ ಹಿಂದೆ ಇರೋದು ಈ ತೊಟ್ಟಿ, ಈ ಕಾಲು.

ಇನ್ನು ಪರೀಕ್ಷೆಯ ವಿಷಯ. ಬಟ್ಟೆ ಈ ಕಟ್ಟಡಕ್ಕೆ ಬಂದಾಗ ತಪಾಸಣೆಯವರು ಉದ್ದ ಅಗಲ ಅಳೆದು, ನೇಯ್ಗೆ ನೋಡಿ, ಬಣ್ಣ ನೋಡಿ, ಸರಿ ಇದ್ದರೆ ಅಂಚಿಗೆ ಸೀಸದ ಮುದ್ರೆ ಒತ್ತುತ್ತಿದ್ದರು. ಮುದ್ರೆ ಇಲ್ಲದ ಬಟ್ಟೆಗೆ ಮಾರುಕಟ್ಟೆಯಲ್ಲಿ ಮರ್ಯಾದೆ ಇಲ್ಲ. ದೋಷ ಕಂಡರೆ ದಂಡ. ದೂರದ ಊರಿನ ವ್ಯಾಪಾರಿ ಬಟ್ಟೆ ಬಿಚ್ಚಿ ನೋಡೋದಕ್ಕೂ ಮೊದಲು ಆ ಸೀಸದ ತುಂಡು ನೋಡುತ್ತಿದ್ದ. ಬಟ್ಟೆ ಎಂದೋ ಹರಿದು ಹೋಗಿದೆ, ಸೀಸ ಉಳಿದಿದೆ. ಲೈಡನ್‌ನ ಮುದ್ರೆಗಳು ಇವತ್ತಿಗೂ ಬೇರೆ ದೇಶಗಳ ಮಣ್ಣಿನಲ್ಲಿ ಸಿಗುತ್ತವೆ. ಮ್ಯೂಸಿಯಂನಲ್ಲಿ ಇವು ಸಣ್ಣ ಸಣ್ಣ ಬೂದು ಬಣ್ಣದ ಬಿಲ್ಲೆಗಳು, ಜನ ನೋಡದೆ ಮುಂದೆ ಹೋಗುತ್ತಾರೆ. ನೀವು ಹೋಗಬೇಡಿ. ಮುದ್ರೆ ಒತ್ತುವ ಅಧಿಕಾರ ಇದ್ದವರ ಚಿತ್ರವೂ ಇಲ್ಲಿದೆ, ಯಾನ್ ಡೆ ಬಾನ್ 1675ರಲ್ಲಿ ಬರೆದದ್ದು. ಆಮ್‌ಸ್ಟರ್‌ಡ್ಯಾಮ್‌ನ ಇಂಥದೇ ಅಧಿಕಾರಿಗಳನ್ನು ಜಗತ್ಪ್ರಸಿದ್ಧ ಚಿತ್ರಕಾರ ರೆಂಬ್ರಾಂಟ್ 1662ರಲ್ಲಿ ಬರೆದ ಚಿತ್ರ ರೈಕ್ಸ್‌ಮ್ಯೂಸಿಯಂನಲ್ಲಿದೆ, ಹೋದ ಸಲ ಅದರ ಮುಂದೆ ಹಾದು ಹೋಗಿರುತ್ತೀರಿ. ಕಲೆಯಾಗಿ ನೋಡಿದರೆ ಎರಡಕ್ಕೂ ಹೋಲಿಕೆಯೇ ಇಲ್ಲ, ಡೆ ಬಾನ್ ಚಿತ್ರ ಸ್ವಲ್ಪ ಬಿಗಿ, ಸ್ವಲ್ಪ ಒಣ. ಆದರೆ ಆ ಅಧಿಕಾರಿಗಳು ಕೆಲಸ ಮಾಡಿದ ಕಟ್ಟಡದಲ್ಲೇ ನಿಂತು ಅವರ ಮುಖ ನೋಡುವ ಅವಕಾಶ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಿಗೋದಿಲ್ಲ.

ಸರ್ಕಾರಿ ಚಿತ್ರ ಅಂದೆನಲ್ಲ, ಆ ಮಾತಿಗೆ ಬರುತ್ತೇನೆ. ಸ್ವಾನೆನ್‌ಬರ್ಗ್ ಚಿತ್ರಗಳಲ್ಲಿ ಕೆಲಸಗಾರರೆಲ್ಲ ಗಟ್ಟಿಮುಟ್ಟು, ತೃಪ್ತ ಮುಖ, ಜಾಗವೂ ಹಸನು. ನಿಜವಾದ ಲೈಡನ್ ಹಾಗಿರಲಿಲ್ಲ. ವಲಸೆ ಬಂದವರಿಗೆ ಮನೆ ಸಾಲದೆ ಹಿತ್ತಿಲಲ್ಲೆಲ್ಲ ಗೂಡಿನಂಥ ಮನೆ ಎದ್ದವು. ನೂಲುವ ಕೆಲಸ ಬಹುಪಾಲು ಹೆಂಗಸರದ್ದು, ಮಕ್ಕಳದ್ದು, ಕೂಲಿ ಅತಿ ಕಡಿಮೆ. ಅನಾಥ ಮಕ್ಕಳನ್ನು ಬಟ್ಟೆ ಕೆಲಸಕ್ಕೆ ಹಚ್ಚುತ್ತಿದ್ದರು, ಸಾಲದ್ದಕ್ಕೆ ಬೇರೆ ಊರುಗಳಿಂದಲೂ ಮಕ್ಕಳನ್ನು ಕರೆತರುತ್ತಿದ್ದರು. ಕಾಲುವೆಯ ನೀರು ಬಣ್ಣದ ನೀರಿನಿಂದ ಗಬ್ಬು ನಾರುತ್ತಿತ್ತು. ಬಣ್ಣದ ನೀರು ಹರಿಯೋ ಗಟಾರದ ಪಕ್ಕ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಯರ್ ಬರೆಸಿದ, ಅಲ್ಲ, ಮೇಯರೇ ಬರೆದ ಚಿತ್ರದಲ್ಲಿ ಇದೆಲ್ಲ ಎಲ್ಲಿ ಬರುತ್ತದೆ? ಊರಿನ ಮ್ಯೂಸಿಯಂ ನೋಡುವಾಗ ಇದನ್ನು ರೂಢಿ ಮಾಡಿಕೊಳ್ಳಿ. ಗೋಡೆ ಮೇಲೆ ಯಾರಿದ್ದಾರೆ ಅಂತ ನೋಡಿದ ಮೇಲೆ ಯಾರಿಲ್ಲ ಅಂತಲೂ ಒಮ್ಮೆ ನೋಡಿ.

ಅಬ್ರಹಾಂ ವಾನ್ ಡೆನ್ ಟೆಂಪಲ್ ಎಂಬುವವರ ಮೂರು ದೊಡ್ಡ ಚಿತ್ರಗಳೂ ಸಿಗುತ್ತವೆ, ಈ ಕಟ್ಟಡಕ್ಕೆ ಅಂತಲೇ 1650ರ ಆಸುಪಾಸಿನಲ್ಲಿ ಬರೆದವು. ಯುದ್ಧದ ದೇವರು ವ್ಯಾಪಾರ ಎಂಬ ಹೆಂಗಸನ್ನು ಓಡಿಸುತ್ತಾನೆ, ಲೈಡನ್ ಅವಳನ್ನು ಬರಮಾಡಿಕೊಳ್ಳುತ್ತದೆ. ಅದೇ ವಲಸೆಯ ಕಥೆ, ರೇಷ್ಮೆ ಉಡಿಸಿ ಹೇಳಿದ್ದು. ಎರಡು ನಿಮಿಷ ಸಾಕು.

ಈಗ ಊರು ಹೆದರಿದ ಕಥೆ. ಆಗ ಈ ನಾಡು ತನ್ನನ್ನು ಆಳುತ್ತಿದ್ದ ಸ್ಪೇನ್ ರಾಜನ ವಿರುದ್ಧ ಬಂಡೆದ್ದಿತ್ತು. 1573ರ ಕೊನೆಯಿಂದ ಸ್ಪ್ಯಾನಿಷ್ ಸೈನ್ಯ ಲೈಡನ್‌ಗೆ ಮುತ್ತಿಗೆ ಹಾಕಿತು, ನಡುವೆ ಸ್ವಲ್ಪ ಕಾಲ ತೆಗೆದು 1574ರ ಮೇ ತಿಂಗಳಿನಿಂದ ಮತ್ತೆ ಬಿಗಿ ಮಾಡಿತು. ಊರೊಳಗೆ ಬೆಳ್ಳಿ ಮುಗಿದು ಚರ್ಚ್ ಪುಸ್ತಕಗಳ ಹಾಳೆ ಒತ್ತಿ ಕಾಗದದ ನಾಣ್ಯ ಮಾಡಿದರು. ಹಸಿವು, ಜೊತೆಗೆ ಪ್ಲೇಗು, ಸಾವಿರಾರು ಜನ ಸತ್ತರು. ಕೊನೆಗೆ ಬಂಡಾಯದ ನಾಯಕ ಆರೆಂಜ್‌ನ ವಿಲಿಯಂ ಕಡೆಯವರು ಏನು ಮಾಡಿದರು ಅಂದ್ರೆ, ತಮ್ಮದೇ ದೇಶದ ಒಡ್ಡುಗಳನ್ನು ಕಡಿದು ಹೊಲಗದ್ದೆಗೆಲ್ಲ ನೀರು ಬಿಟ್ಟರು, ಆ ನೀರಿನ ಮೇಲೆ ಚಪ್ಪಟೆ ತಳದ ದೋಣಿಗಳಲ್ಲಿ ಸೈನ್ಯ ತಂದರು. ಮೊದಲು ನೀರು ಸಾಲಲಿಲ್ಲ, ದೋಣಿಗಳು ಕೆಸರಲ್ಲಿ ಕೂತವು. ಆಮೇಲೆ ಬಿರುಗಾಳಿ ಬಂದು ನೀರೇರಿತು. ಅಕ್ಟೋಬರ್ 3ರಂದು ಸ್ಪ್ಯಾನಿಷರು ಜಾಗ ಖಾಲಿ ಮಾಡಿದ್ದರು. ಹಸಿದ ಜನಕ್ಕೆ ಸಿಕ್ಕಿದ್ದು ಹೆರಿಂಗ್ ಮೀನು ಮತ್ತು ಬಿಳಿ ಬ್ರೆಡ್. ಮರುವರ್ಷ, 1575ರಲ್ಲಿ, ಊರಿಗೆ ವಿಶ್ವವಿದ್ಯಾಲಯ ಬಂತು, ಆ ದೇಶದ ಅತಿ ಹಳೆಯದು ಅದೇ.

ಈ ಭಾಗದಲ್ಲಿ ನೀವು ಹುಡುಕಬೇಕಾದದ್ದು ಒಂದು ಹಳೇ ಕಂಚಿನ ಪಾತ್ರೆ. ಮುತ್ತಿಗೆ ತೆರವಾದ ಬೆಳಿಗ್ಗೆ ಕೊರ್ನೆಲಿಸ್ ಯೋಪ್ಪೆನ್ಸ್ ಎಂಬ ಹುಡುಗ ಊರಾಚೆಯ ಶತ್ರು ಶಿಬಿರಕ್ಕೆ ನುಗ್ಗಿ ನೋಡಿದನಂತೆ, ಸೈನಿಕರು ಓಡುವ ಅವಸರದಲ್ಲಿ ಬಿಟ್ಟು ಹೋದ ಪಾತ್ರೆ, ಅದರಲ್ಲಿ ಇನ್ನೂ ಬೆಂದ ಅಡುಗೆ. ಅದೇ ಪಾತ್ರೆ ಇದು ಅನ್ನುತ್ತಾರೆ. ಅದೇನಾ? ನಾನು ಪ್ರಮಾಣ ಮಾಡಿ ಹೇಳಲಾರೆ, ಆದರೆ ಊರು ನಾಲ್ಕೂವರೆ ಶತಮಾನದಿಂದ ಆ ಅಡುಗೆಯನ್ನು ಮಾಡಿ ಉಣ್ಣುತ್ತಿದೆ ಅನ್ನೋದು ನಿಜ. ಹುಟ್ಸ್‌ಪಾಟ್ ಅಂತಾರೆ, ಈಗ ಕ್ಯಾರೆಟ್, ಈರುಳ್ಳಿ, ಆಲೂಗಡ್ಡೆ ಬೇಯಿಸಿ ಹಿಸುಕಿದ್ದು. 1574ರಲ್ಲಿ ಆಲೂಗಡ್ಡೆ ಆ ಅಡುಗೆಯಲ್ಲಿ ಇದ್ದಿರೋಕೆ ಸಾಧ್ಯ ಇಲ್ಲ, ಅಲ್ಲಿನವರ ಊಟಕ್ಕೆ ಅದು ಬಂದಿದ್ದು ತುಂಬಾ ಆಮೇಲೆ. ಸಾಮಾನ್ಯವಾಗಿ ಜೊತೆಗೆ ದನದ ಮಾಂಸ ಇರುತ್ತದೆ, ಹೋಟೆಲಿನಲ್ಲಿ ತಿನ್ನೋದಾದರೆ ಮೊದಲೇ ಕೇಳಿ. ಮಗನಿಗೆ ಹೇಳಿ ಮನೆಯಲ್ಲೇ ಮಾಡಿಸಿದರೆ ಇನ್ನೂ ಒಳ್ಳೇದು, ಅರ್ಧ ಗಂಟೆ ಕೆಲಸ. ಬದಿಗೆ ಒಂದಿಷ್ಟು ಶೇಂಗಾ ಚಟ್ನಿಪುಡಿ ಇಟ್ಟುಕೊಳ್ಳಿ, ಅದು ಇಲ್ಲದೆ ನಿಮಗೆ ಸಪ್ಪೆ ಅನಿಸೋದು ಗ್ಯಾರಂಟಿ.

ಪಾತ್ರೆಯ ಪಕ್ಕಕ್ಕೆ ಇಟ್ಟು ನೋಡಬೇಕಾದ ಇನ್ನೊಂದು ವಸ್ತು ಮಾತಾಯಸ್ ವಾನ್ ಬ್ರೇ 1816-17ರಲ್ಲಿ ಬರೆದ ಭಾರೀ ಚಿತ್ರ. ಗೋಡೆಯಷ್ಟು ದೊಡ್ಡದು, ನೀವು ಹುಡುಕಬೇಕಿಲ್ಲ, ಅದೇ ನಿಮ್ಮನ್ನು ಹುಡುಕುತ್ತದೆ. ಹಸಿದ ಜನ ಊರನ್ನು ಒಪ್ಪಿಸಿಬಿಡಿ ಅಂತ ಗಲಾಟೆ ಮಾಡಿದಾಗ ಮೇಯರ್ ವಾನ್ ಡರ್ ವೆರ್ಫ್ "ನನ್ನ ತೋಳು ಕಡಿದು ತಿನ್ನಿ, ಊರು ಮಾತ್ರ ಕೊಡಲ್ಲ" ಅನ್ನುವ ಅರ್ಥದಲ್ಲಿ ಮೈ ಒಡ್ಡಿದ್ದರು ಅನ್ನೋ ಕಥೆ. ನನಗೆ ಈ ಚಿತ್ರ ಅಷ್ಟಕ್ಕಷ್ಟೇ. ಕಂಪನಿ ನಾಟಕದ ಕೊನೇ ದೃಶ್ಯದ ಹಾಗೆ ಎಲ್ಲರೂ ಕೈ ಎತ್ತಿ ನಿಂತಿದ್ದಾರೆ. ಆದರೂ ನೋಡಿ, ಯಾಕೆಂದರೆ ಇದು 1574ರ ಚಿತ್ರ ಅಲ್ಲ, ನೆಪೋಲಿಯನ್ ಹೋದ ಮೇಲೆ ಹೊಸದಾಗಿ ರಾಜ್ಯ ಕಟ್ಟಿಕೊಂಡ ದೇಶಕ್ಕೆ ಒಬ್ಬ ವೀರ ಬೇಕಾಗಿದ್ದ ಕಾಲದ ಚಿತ್ರ. ಪಾತ್ರೆ ಜನ ಇಟ್ಟುಕೊಂಡ ನೆನಪು, ಈ ಚಿತ್ರ ಮೇಲಿನವರು ಕೊಟ್ಟ ನೆನಪು. ನನ್ನ ವೋಟು ಪಾತ್ರೆಗೆ.

ಇಷ್ಟಾದ ಮೇಲೆ ಎಲ್ಲಾದರೂ ಕೂತು ಕಾಫಿ ಕುಡಿಯಿರಿ. ಮ್ಯೂಸಿಯಂ ಒಳಗೇ ಕೆಫೆ ಇದೆ. ದಣಿದ ಕಣ್ಣಲ್ಲಿ ಮುಂದಿನದನ್ನು ನೋಡಬಾರದು.

ಮುಂದಿನದು ಲೂಕಾಸ್ ವಾನ್ ಲೈಡನ್ ಬರೆದ ಅಂತಿಮ ತೀರ್ಪಿನ ಚಿತ್ರ, 1526-27ರದ್ದು. ಲೋಕದ ಕೊನೆಯ ದಿನ ಸತ್ತವರೆಲ್ಲ ಎದ್ದು ಬಂದು ಕ್ರಿಸ್ತನ ಮುಂದೆ ಪಾಪಪುಣ್ಯದ ಲೆಕ್ಕ ಒಪ್ಪಿಸಬೇಕು ಅನ್ನೋದು ಕ್ರೈಸ್ತರ ನಂಬಿಕೆ, ಅದೇ ಅಂತಿಮ ತೀರ್ಪು. ಮ್ಯೂಸಿಯಂನಲ್ಲಿ ಒಂದೇ ಒಂದು ವಸ್ತು ನೋಡಬೇಕು ಅಂದ್ರೆ ನಾನು ತೋರಿಸೋದು ಇದನ್ನೇ. ಬಾಗಿಲಿನಂತೆ ತೆರೆಯುವ ಮೂರು ಹಲಗೆಗಳು. ಒಬ್ಬ ಮರದ ವ್ಯಾಪಾರಿ ತೀರಿಕೊಂಡಾಗ ಮಕ್ಕಳು ತಂದೆಯ ನೆನಪಿಗೆ ಊರಿನ ಪೀಟರ್ಸ್‌ಕೆರ್ಕ್ ಚರ್ಚಿಗೆ ಬರೆಸಿಕೊಟ್ಟದ್ದು. ನಡುವಿನ ಹಲಗೆಯಲ್ಲಿ ಮೇಲೆ ಕಾಮನಬಿಲ್ಲಿನ ಮೇಲೆ ಕ್ರಿಸ್ತ, ಕೆಳಗೆ ಭೂಮಿಯಿಂದ ಏಳುತ್ತಿರುವ ಸತ್ತವರು. ಒಂದು ಕಡೆ ಸ್ವರ್ಗ, ಇನ್ನೊಂದು ಕಡೆ ಬಾಯಿ ತೆರೆದ ನರಕ. ಬಟ್ಟೆಯ ಮ್ಯೂಸಿಯಂನ ಅತಿ ಪ್ರಸಿದ್ಧ ಚಿತ್ರದಲ್ಲಿ ಬಹುಪಾಲು ಜನರ ಮೈಮೇಲೆ ಒಂದು ನೂಲೆಳೆಯೂ ಇಲ್ಲ ಅನ್ನೋದು ತಮಾಷೆಯೇ. ಮುಜುಗರ ಪಟ್ಟು ಮುಂದೆ ಹೋಗಬೇಡಿ. ಆ ಮೈಗಳ ಬಣ್ಣ ನೋಡಿ. ಕೆಲವು ಗುಲಾಬಿ, ಕೆಲವು ಬೂದು ಹಳದಿ, ಕೆಲವು ನರಕದ ಬೆಂಕಿಯ ಬೆಳಕು ಬಿದ್ದು ಕೆಂಪು. ಇಂಥ ವಿಷಯದ ಬೇರೆ ಚಿತ್ರಗಳಲ್ಲಿ ಜನ ಸಂತೆಯ ಹಾಗೆ ಒತ್ತೊತ್ತಾಗಿ ತುಂಬಿರುತ್ತಾರೆ. ಇಲ್ಲಿ ನಡುವೆ ಬೇಕಾದಷ್ಟು ಬಯಲು ಇದೆ, ಅದಕ್ಕೇ ಪ್ರತಿಯೊಬ್ಬನೂ ಒಂಟಿ ಅನಿಸುತ್ತಾನೆ. ಬಾಗಿಲುಗಳ ಹೊರಮೈಯನ್ನೂ ಸುತ್ತಿ ಬಂದು ನೋಡಿ. ಅಲ್ಲಿ ಸಂತ ಪೀಟರ್ ಮತ್ತು ಪೌಲ್ ಕೂತಿದ್ದಾರೆ, ಹಿಂದೆ ಸಮುದ್ರ. ಒಳಗಿನ ಗದ್ದಲಕ್ಕೂ ಹೊರಗಿನ ತಣ್ಣನೆಗೂ ಒಂದೇ ಕೈ ಅಂದ್ರೆ ನಂಬೋದು ಕಷ್ಟ.

ಈ ಚಿತ್ರ ಉಳಿದದ್ದೇ ಒಂದು ಪವಾಡ. 1566ರಲ್ಲಿ ಪ್ರಾಟೆಸ್ಟೆಂಟ್ ಗುಂಪುಗಳು ಚರ್ಚುಗಳಿಗೆ ನುಗ್ಗಿ ಮೂರ್ತಿ, ಚಿತ್ರ ಎಲ್ಲ ಒಡೆದು ಹಾಕಿದರು. ಇದು ಹೇಗೋ ತಪ್ಪಿಸಿಕೊಂಡಿತು. ಆಮೇಲೆ ಟೌನ್ ಹಾಲ್‌ನಲ್ಲಿ ಜಾಗ ಸಿಕ್ಕಿತು. ದೇವರ ಚಿತ್ರ ಬೇಡ ಅಂದ ಊರೇ "ಇದು ನಮ್ಮೂರ ಲೂಕಾಸ್ ಬರೆದದ್ದು" ಅಂತ ಇಟ್ಟುಕೊಂಡಿತು, ಭಕ್ತಿ ಹೋಗಿ ಅಭಿಮಾನ ಉಳಿಯಿತು. ಮುಂದೆ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಎರಡನೇ ರುಡಾಲ್ಫ್ ಇದನ್ನು ಕೊಳ್ಳಲು ಕೇಳಿದಾಗಲೂ ಊರು ಕೊಡಲಿಲ್ಲ. 1929ರಲ್ಲಿ ಆ ಟೌನ್ ಹಾಲ್ ಸುಟ್ಟು ಮುಂಭಾಗದ ಗೋಡೆ ಮಾತ್ರ ಉಳಿಯಿತು. ಪುಣ್ಯಕ್ಕೆ ಚಿತ್ರ ಅಷ್ಟರಲ್ಲಿ ಮ್ಯೂಸಿಯಂ ಸೇರಿತ್ತು.

ರೆಂಬ್ರಾಂಟ್ ಬಗ್ಗೆ ಹೇಳದಿದ್ದರೆ ಮಗ ಕೇಳುತ್ತಾನೆ. ರೆಂಬ್ರಾಂಟ್ ಹುಟ್ಟಿದ್ದು ಇದೇ ಊರಲ್ಲಿ, 1606ರಲ್ಲಿ, ಗಿರಣಿಯವರ ಮನೆಯಲ್ಲಿ. ಬಟ್ಟೆ ಚಿತ್ರಗಳ ಸ್ವಾನೆನ್‌ಬರ್ಗ್ ಇದ್ದಾರಲ್ಲ, ಅವರ ಮಗ ಯಾಕೋಬ್ ಹತ್ತಿರ ಚಿತ್ರ ಕಲಿತರು. ಇಪ್ಪತ್ತೈದರ ಆಸುಪಾಸಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋದರು, ಹೆಸರಾಗಿದ್ದೆಲ್ಲ ಅಲ್ಲೇ. ಹಾಗಾಗಿ ಊರಿನ ಮ್ಯೂಸಿಯಂನಲ್ಲಿ ಊರಿನ ಮಗನ ಕೆಲಸ ಕಡಿಮೆ. ಇರುವುದರಲ್ಲಿ ಒಂದು ಕನ್ನಡಕ ಮಾರುವವನ ಚಿತ್ರ, ಸುಮಾರು 1624ರದ್ದು, ಅಂದ್ರೆ ಹದಿನೆಂಟರ ಹುಡುಗನ ಕೈಬರಹ. ಮ್ಯೂಸಿಯಂ ಇದನ್ನು ಕೊಂಡದ್ದು 2012ರಲ್ಲಿ. ನಮ್ಮ ಶಾಲೆಯ ನೋಟ್‌ಬುಕ್ಕಿನಷ್ಟು ಅಗಲ ಉದ್ದ. ಬೀದಿ ವ್ಯಾಪಾರಿ ಒಬ್ಬ ವಯಸ್ಸಾದ ಇಬ್ಬರಿಗೆ ಕನ್ನಡಕ ದಾಟಿಸುತ್ತಿದ್ದಾನೆ. ಐದು ಇಂದ್ರಿಯಗಳ ಸರಣಿಯಲ್ಲಿ ಇದು ಕಣ್ಣು. ಉಳಿದವುಗಳಲ್ಲಿ ಮೂಗಿನ ಚಿತ್ರ 2015ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಹರಾಜಿನಲ್ಲಿ ಯಾರದೋ ಹಳೇ ಚಿತ್ರ ಅಂತ ಮಾರಾಟಕ್ಕೆ ಬಂದಾಗ ಪತ್ತೆಯಾಯಿತು, ನಾಲಗೆಯದು ಇನ್ನೂ ಸಿಕ್ಕಿಲ್ಲ. ನೇರವಾಗಿ ಹೇಳುತ್ತೇನೆ, ಕನ್ನಡಕದ ಚಿತ್ರ ಅಂಥ ಚಂದದ್ದಲ್ಲ. ಮುಖಗಳು ಒರಟು, ಬಣ್ಣ ಗಾಢ. ಆದರೆ ಮಹಾ ಕಲಾವಿದ ಇನ್ನೂ ಕೈ ಪಳಗಿಸಿಕೊಳ್ಳುತ್ತಿದ್ದಾಗ ಹೇಗಿದ್ದರು ಅಂತ ನೋಡೋದಕ್ಕೆ ಸಿಗೋದು ಅಪರೂಪ, ವರ್ಷಗಟ್ಟಲೆ ಮಕ್ಕಳ ಕೈಬರಹ ತಿದ್ದಿದ ನಿಮಗೆ ಇದು ಬೇಗ ಅರ್ಥವಾಗುತ್ತದೆ. 1626ರ ಒಂದು ಐತಿಹಾಸಿಕ ದೃಶ್ಯದ ಚಿತ್ರವನ್ನೂ ಸರ್ಕಾರದ ಸಂಗ್ರಹದಿಂದ ತಂದು ಇಲ್ಲಿ ಇಟ್ಟಿದ್ದಾರೆ. ಅದು ಯಾವ ಕಥೆ ಅನ್ನೋದರ ಬಗ್ಗೆ ವಿದ್ವಾಂಸರಿಗೇ ಒಮ್ಮತ ಇಲ್ಲ, ಹಾಗಾಗಿ ನಿಮಗೆ ತಿಳಿಯದಿದ್ದರೆ ಚಿಂತೆ ಬೇಡ. ಹಿಂದಿನ ಸಾಲಿನಲ್ಲಿ ಗುಂಗುರು ಕೂದಲಿನ ಹುಡುಗನೊಬ್ಬ ಇಣುಕುತ್ತಾನೆ, ಅದು ರೆಂಬ್ರಾಂಟ್.

ಯಾನ್ ಲೀವೆನ್ಸ್, ಗೆರಿಟ್ ಡೌ, ಯಾನ್ ಸ್ಟೇನ್, ಯಾನ್ ವಾನ್ ಗೋಯೆನ್, ಇವರೆಲ್ಲ ಲೈಡನ್‌ನವರೇ. ಡೌ ಚಿತ್ರ ಸಿಕ್ಕರೆ ಹತ್ತಿರ ಹೋಗಿ, ಕುಂಚದ ಗುರುತೇ ಕಾಣದಷ್ಟು ನಯ. ಸ್ಟೇನ್ ಚಿತ್ರದಲ್ಲಿ ಮನೆ ತುಂಬ ಗದ್ದಲ, ಯಾರೋ ಕುಡಿದಿರುತ್ತಾರೆ, ಯಾರೋ ಕದಿಯುತ್ತಿರುತ್ತಾರೆ, ನಗು ಬರುತ್ತದೆ. ಕೊನೇ ಕೋಣೆಗಳಲ್ಲಿ 20ನೇ ಶತಮಾನ. 1917ರಲ್ಲಿ ಥಿಯೋ ವಾನ್ ಡೂಸ್‌ಬರ್ಗ್ ಇದೇ ಊರಿನಿಂದ ಡೆ ಸ್ಟೈಲ್ ಪತ್ರಿಕೆ ಶುರು ಮಾಡಿದರು, ನೆಟ್ಟ ಗೆರೆ, ಚೌಕ, ಕೆಂಪು ನೀಲಿ ಹಳದಿ, ಅಷ್ಟೇ. ಕಲೆಯವರು ಇದರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಚೌಕಳಿ ಸೀರೆ ನೇಯ್ದವರಿಗೆ ಇದರಲ್ಲಿ ಬೆರಗು ಪಡುವಂಥದ್ದು ಏನೂ ಕಾಣದಿದ್ದರೆ ಅದೂ ಸರಿಯೇ. ಬೇಗ ದಾಟಿ ಹೋಗಬಹುದು.

ಕಟ್ಟಡವನ್ನು ಮರೆಯಬೇಡಿ. 2019ರಲ್ಲಿ ದೊಡ್ಡ ದುರಸ್ತಿ, ವಿಸ್ತರಣೆ ಮುಗಿದು ಮತ್ತೆ ತೆರೆಯಿತು. ಹಿಂದೆ ಮುಚ್ಚಿಹೋಗಿದ್ದ ಒಳ ಅಂಗಳವನ್ನು ಬಿಡಿಸಿ ಗಾಜಿನ ಮಾಡು ಹಾಕಿದ್ದಾರೆ, ಅಲ್ಲಿ ನಿಂತರೆ ಬೇರೆ ಬೇರೆ ಕಾಲದ ಇಟ್ಟಿಗೆ ಗೋಡೆಗಳು ಎದುರುಬದುರು ಕಾಣುತ್ತವೆ. ದಾರಿ ತಪ್ಪಿದರೆ ಆ ಅಂಗಳಕ್ಕೆ ವಾಪಸ್ ಬನ್ನಿ, ಎಲ್ಲ ಕಡೆಗೂ ಅಲ್ಲಿಂದಲೇ ಹೋಗಬಹುದು. ಲಿಫ್ಟ್ ಇದೆ, ಮೆಟ್ಟಿಲು ಹತ್ತಲೇಬೇಕಿಲ್ಲ.

ಸಮಯ ಕೇಳಿದ್ದೀರಿ. ಕಾಫಿ ಸೇರಿ ಎರಡು ಗಂಟೆ, ಯಜಮಾನರು ಮಗ್ಗದ ಚಿತ್ರದ ಮುಂದೆ ಸಿಕ್ಕಿಹಾಕಿಕೊಂಡರೆ ಎರಡೂವರೆ. ಅದಕ್ಕಿಂತ ಜಾಸ್ತಿ ಬೇಡ. ಸೋಮವಾರ ರಜೆ. ಉಳಿದ ದಿನ ಬೆಳಿಗ್ಗೆ ಹತ್ತಕ್ಕೆ ತೆರೆಯುವ ಹೊತ್ತಿಗೇ ಹೋಗಿ, ವಾರದ ನಡುವೆ ಆದರೆ ಕೋಣೆಗಳು ಖಾಲಿ ಇರುತ್ತವೆ. ಲೈಡನ್ ಸ್ಟೇಷನ್‌ನಿಂದ ಹತ್ತು ನಿಮಿಷದ ನಡಿಗೆ, ದಾರಿಯಲ್ಲಿ ಡೆ ಫಾಲ್ಕ್ ಎಂಬ ದೊಡ್ಡ ಗಾಳಿ ಗಿರಣಿ ಸಿಗುತ್ತದೆ, ಅದು ಕಂಡರೆ ಸರಿಯಾದ ದಾರಿಯಲ್ಲಿದ್ದೀರಿ ಅಂತ. ಚೀಲ, ಕೊಡೆ, ನೀರಿನ ಬಾಟಲಿ ಎಲ್ಲ ಲಾಕರ್‌ನಲ್ಲಿಟ್ಟು ಒಳಗೆ ಹೋಗಿ. ಲೇಬಲ್‌ಗಳು ಡಚ್ ಮತ್ತು ಇಂಗ್ಲಿಷ್‌ನಲ್ಲಿ ಇರುತ್ತವೆ. ಫ್ಲಾಷ್ ಇಲ್ಲದೆ ಫೋಟೋ ತೆಗೆಯಬಹುದು, ಆದರೆ ಚಿತ್ರದ ಹತ್ತಿರ ಬೆರಳು ಚಾಚಿ ತೋರಿಸಬೇಡಿ, ಗಾರ್ಡ್ ಓಡಿ ಬರುತ್ತಾರೆ. ಮಗನ ಹತ್ತಿರ ಅಲ್ಲಿನ ಮ್ಯೂಸಿಯಂ ಕಾರ್ಡ್ ಇದ್ದರೆ ಅವನಿಗೆ ಟಿಕೆಟ್ ಬೇಕಿಲ್ಲ, ನಿಮ್ಮಿಬ್ಬರಿಗೆ ಮಾತ್ರ ಸಾಕು. ಮತ್ತೊಂದು, ಆ ದೇಶದಲ್ಲಿ ರಸ್ತೆ ಮೇಲೆ ಶೌಚಾಲಯ ಸಿಗೋದು ಕಷ್ಟ, ಸಿಕ್ಕರೂ ದುಡ್ಡು ಕೇಳುತ್ತಾರೆ. ಮ್ಯೂಸಿಯಂನಿಂದ ಹೊರಡುವ ಮೊದಲು ಅಲ್ಲೇ ಮುಗಿಸಿಕೊಳ್ಳಿ.

ನಾನು ಹೇಳಿದ ವಸ್ತುಗಳಲ್ಲಿ ಕೆಲವು ಆಗಾಗ ಬೇರೆ ಊರಿನ ಪ್ರದರ್ಶನಕ್ಕೆ ಹೋಗಿರುತ್ತವೆ. ಕನ್ನಡಕದ ಚಿತ್ರಕ್ಕೆ ಅಂತಲೇ ಹೋಗೋದಾದರೆ ಮಗನಿಗೆ ವೆಬ್‌ಸೈಟ್ ನೋಡಲು ಹೇಳಿ. ಅಕ್ಟೋಬರ್ ಮೊದಲ ವಾರ ಅಲ್ಲಿದ್ದರೆ 3ನೇ ತಾರೀಕು ಮ್ಯೂಸಿಯಂ ಯೋಚನೆ ಬಿಟ್ಟುಬಿಡಿ, ಅವತ್ತು ಇಡೀ ಊರು ಜಾತ್ರೆ. ಮೆರವಣಿಗೆ, ತೊಟ್ಟಿಲು, ಬೆಳಿಗ್ಗೆ ಹೆರಿಂಗ್ ಮತ್ತು ಬಿ‍ಳಿ ಬ್ರೆಡ್ ಹಂಚುತ್ತಾರೆ. ಮೀನು ಬೇಡವಾದರೆ ಬ್ರೆಡ್ ಮಾತ್ರ ಸಾಕು ಅನ್ನಿ.

ಅದೇ ದಿನ ಇನ್ನೊಂದು ಮ್ಯೂಸಿಯಂ ಸೇರಿಸಬೇಡಿ, ಮಗ ಎಷ್ಟೇ ಹೇಳಲಿ. ಲೈಡನ್‌ನಲ್ಲಿ ಬೇಕಾದಷ್ಟಿವೆ. ಜಾವಾದ ಸಿಂಗಸಾರಿಯಿಂದ ತಂದ ಗಣೇಶ, ದುರ್ಗೆಯ ಮೂರ್ತಿಗಳು ಅಲ್ಲಿವೆ ಅಂತ ಹಳೇ ಪ್ರವಾಸ ಪುಸ್ತಕಗಳಲ್ಲಿ ಓದಿರಬಹುದು, 2023ರಲ್ಲಿ ಅವನ್ನು ಇಂಡೋನೇಷ್ಯಾಕ್ಕೆ ವಾಪಸ್ ಕೊಟ್ಟಾಗಿದೆ, ಅದನ್ನು ನಂಬಿ ಹೋಗಬೇಡಿ. ಕಾಲಲ್ಲಿ ಇನ್ನೂ ಕಸುವು ಉಳಿದಿದ್ದರೆ ಕಾಲುವೆ ದಾಟಿ ಪೀಟರ್ಸ್‌ಕೆರ್ಕ್ ಕಡೆ ನಡೆಯಿರಿ, ಕಾಲು ಗಂಟೆಯ ದಾರಿ. ಲೂಕಾಸ್ ಚಿತ್ರ ಮೊದಲು ಇದ್ದ ಚರ್ಚ್ ಅದೇ, ಯಾನ್ ಸ್ಟೇನ್ ಸಮಾಧಿಯೂ ಅಲ್ಲೇ. ಒಳಗೆ ಕಾರ್ಯಕ್ರಮ ಇದ್ದರೆ ಬಿಡೋದಿಲ್ಲ, ಆಗ ಸುತ್ತಲಿನ ಓಣಿಗಳಲ್ಲೇ ಓಡಾಡಿಕೊಂಡು ಬನ್ನಿ.